ಥಂಡಿ ಕೋಣೆಯ ಕಾಕಾ

ಮೇ ತಿಂಗಳ ನಡುಮಧ್ಯಾಹ್ನ, ಕಲಬುರಗಿಯ ರಸ್ತೆಗಳಲ್ಲಿ ಡಾಂಬರು ಚಪ್ಪಲಿಗೆ ಅಂಟುವ ಹೊತ್ತಿನಲ್ಲಿ, ಮೈತುಂಬ ಉಣ್ಣೆಯ ಸ್ವೆಟರ್, ಕೊರಳಿಗೆ ಮಫ್ಲರ್, ಕಿವಿ ಮುಚ್ಚುವ ಟೋಪಿ ಹಾಕಿಕೊಂಡ ಮನುಷ್ಯನೊಬ್ಬ ನಿಮಗೆ ಎದುರಾದರೆ ದಯವಿಟ್ಟು ಗಾಬರಿಯಾಗಬೇಡಿ. ಅವನಿಗೆ ಜ್ವರ ಬಂದಿಲ್ಲ. ತಲೆ ಕೆಟ್ಟಿದೆಯೇ ಎಂದು ಕೇಳಿದರೆ, ಆ ವಿಷಯದಲ್ಲಿ ನಮ್ಮ ಮನೆಯಲ್ಲೇ ಎರಡು ಪಕ್ಷಗಳಿವೆ! ಅವನು ನಮ್ಮ ಕಾಕಾ. ನಮ್ಮಪ್ಪನ ಕೊನೆಯ ತಮ್ಮ. ಶಹಾಬಜಾರದ ಓಣಿಯಲ್ಲಿ ಹೆಂಡತಿ, ಅಂದರೆ ನಮ್ಮ ಕಾಕೂನ ಜೊತೆ ಇರುತ್ತಾನೆ, ಕಮಲಾಪುರದ ಆಚೆಗಿರುವ ಬೇಕರಿ ಕಂಪನಿಯಲ್ಲಿ ಕೆಲಸ ಮಾಡುತ್ತಾನೆ.

ಬೇಕರಿ ಅಂದ ಕೂಡಲೇ ಗಾಜಿನ ಕಪಾಟು, ಖಾರಿ ಬಿಸ್ಕೀಟು, ಮೇಲೊಂದು ನೊಣ ಅಂದುಕೊಳ್ಳಬೇಡಿ. ಇದು ಊರಿನಷ್ಟು ದೊಡ್ಡ ಕಾರ್ಖಾನೆ. ಬನ್ನು, ಬ್ರೆಡ್ಡು, ಪಫ್ಫು, ಪರಾಠಾ, ಏನೇನೋ ಹೆಸರಿನ ಪದರು ಪದರಿನ ತಿನಿಸು, ಎಲ್ಲವನ್ನೂ ಹಸಿಯಾಗಿಯೋ ಅರೆಬೆಂದೋ ಇರುವಾಗಲೇ ಕಲ್ಲಿನ ಹಾಗೆ ಹೆಪ್ಪುಗಟ್ಟಿಸಿ, ಡಬ್ಬಿಗೆ ತುಂಬಿ, ಥಂಡಿ ಕಂಟೇನರಿನಲ್ಲಿ ಪರದೇಶಕ್ಕೆ ಕಳಿಸುತ್ತಾರೆ. ಅಲ್ಲಿನ ಅಂಗಡಿಯವರು ಓವನ್ನಿಗೆ ಹಾಕಿ, ಈಗಷ್ಟೇ ನಾವೇ ಮಾಡಿದ್ದು ಎಂಬ ಮುಖ ಮಾಡಿಕೊಂಡು ಬಿಸಿಬಿಸಿ ಮಾರುತ್ತಾರೆ. ಕಳಿಸುವ ಮುಂಚೆ ಈ ಡಬ್ಬಿಗಳನ್ನೆಲ್ಲ ಇಡುವ ಕೋಣೆ ಇದೆಯಲ್ಲ, ಬಾಗಿಲು ತೆರೆದರೆ ಬಿಳಿ ಹೊಗೆ ಬರುವ ಕೋಣೆ, ಅದಕ್ಕೆ ನಮ್ಮ ಕಾಕಾ ಸೂಪರ್‌ವೈಸರ್ ಆಗಿದ್ದಾಗಿನ ಮಾತು ಇದು.

ಒಳಗೆ ಹೋಗುವವರಿಗೆ ಕಂಪನಿಯವರೇ ದಪ್ಪ ಕೋಟು ಕೊಡುತ್ತಾರೆ. ಹೊರಗೆ ಬಂದಾಗ ಎಲ್ಲರೂ ಬಿಚ್ಚಿಟ್ಟು ಮನುಷ್ಯರ ಹಾಗೆ ಮನೆಗೆ ಹೋಗುತ್ತಾರೆ. ಕಾಕಾ ಮಾತ್ರ ಕೋಟು ಬಿಚ್ಚಿ ತನ್ನ ಸ್ವೆಟರ್ ಹಾಕಿಕೊಂಡು ಕಂಪನಿ ಬಸ್ಸು ಹತ್ತುತ್ತಿದ್ದ!

“ಕಾಕಾ, ಇದೇನು ಹುಚ್ಚು? ಹೊರಗ ಬೆಂಕಿ ಸುರಿಲಾಕತ್ತದ.”

“ಏ ತಮ್ಮಾ, ಥರ್ಮಾಸಿನಾಗ ಬಿಸಿ ಚಹಾ ಹಾಕಿದ್ರ ಏನಾಗ್ತದ?”

“ಬಿಸಿ ಉಳೀತದ.”

“ಐಸ್‌ಕ್ರೀಮ್ ಹಾಕಿದ್ರ?”

“ಥಂಡಿ ಉಳೀತದ.”

“ಹಾಂ! ಇಡೀ ದಿನ ಮೈಯಾಗ ಥಂಡಿ ತುಂಬ್ಕೊಂಡೀನಿ. ಸ್ವೆಟರ್ ಬಿಚ್ಚಿದ್ರ ಎಲ್ಲಾ ಹಾರಿ ಹೋಗ್ತದ. ಮನಿ ತನಕಾ ಕಾಪಾಡಿ ತರಬೇಕು.”

ನಾನು ಬ್ಯಾಂಕಿನಲ್ಲಿ ಕೆಲಸ ಮಾಡುವವನು. ಲೆಕ್ಕದಲ್ಲಿ ಎಲ್ಲೋ ತಪ್ಪಿದೆ ಅನ್ನುವುದು ತಿಳಿಯುತ್ತದೆ, ಎಲ್ಲಿ ಅನ್ನುವುದು ಇವತ್ತಿಗೂ ಸಿಕ್ಕಿಲ್ಲ.

ಒಮ್ಮೆ ಇದೇ ವೇಷದಲ್ಲಿ ಬಸ್ಸಿನಿಂದ ಇಳಿದು ಆಟೋ ಹತ್ತಿದನಂತೆ. ಆಟೋದವನು ತಿರುಗಿ ನೋಡಿದ. ಕಿವಿ ಮುಚ್ಚಿದ ಟೋಪಿ, ಕೊರಳಲ್ಲಿ ಮಫ್ಲರ್, ಹಣೆಯ ಮೇಲೆ ಬೆವರು. “ಘಬರಾವ್ ನಕ್ಕೋ ಚಾಚಾ, ಮೈ ಹೂಂ ನಾ!” ಎಂದವನೇ ಶಹಾಬಜಾರ ಬಿಟ್ಟು ಸೇಡಂ ರಸ್ತೆಯ ಆಸ್ಪತ್ರೆಯ ಕಡೆ ಗಾಡಿ ಹಾರಿಸಿದ. ಕಾಕಾ ಏನು ಹೇಳಿದರೂ ಟೋಪಿಯೊಳಗಿಂದ ಗೊಣಗಿದಂತೆ ಕೇಳಿಸಿ, ಪಾಪ, ಜ್ವರದಲ್ಲಿ ಬಡಬಡಿಸುತ್ತಿದ್ದಾನೆ ಅಂದುಕೊಂಡು ಅವನು ಇನ್ನೂ ಜೋರು ಹೊಡೆದ. ಆಸ್ಪತ್ರೆಯಲ್ಲಿ ಇಬ್ಬರು ಹಿಡಿದು ಇಳಿಸಿಕೊಂಡರು. ನರ್ಸಮ್ಮ ಥರ್ಮಾಮೀಟರ್ ಇಟ್ಟು ನೋಡಿದರೆ ಜ್ವರದ ಸುಳಿವೇ ಇಲ್ಲ. ಡಾಕ್ಟರು ಬಂದು, “ಮತ್ತ ಸ್ವೆಟರ್ ಯಾಕ್ರಿ ಯಜಮಾನ್ರ?” ಎಂದು ಕೇಳಿದರು. ಕಾಕಾ ಬಹಳ ಉಮೇದಿನಿಂದ ಥರ್ಮಾಸಿನ ಸಿದ್ಧಾಂತವನ್ನು ಮೊದಲಿನಿಂದ ಕೊನೆಯವರೆಗೆ ವಿವರಿಸಿದ. ಡಾಕ್ಟರು ಪೂರ್ತಿ ಕೇಳಿಸಿಕೊಂಡು, ತಲೆಯಾಡಿಸಿ, ಚೀಟಿಯ ಮೇಲೆ ಇನ್ನೊಬ್ಬ ಡಾಕ್ಟರ ಹೆಸರು ಬರೆದುಕೊಟ್ಟರು.

ಅವರು ತಲೆಯ ಡಾಕ್ಟರು!

ಇಂಥ ಮನುಷ್ಯನಿಗೆ ಪರದೇಶಕ್ಕೆ ಬ್ರೆಡ್ಡು ಕಳಿಸುವ ಕೆಲಸ ಸಿಕ್ಕಿದ್ದಾದರೂ ಹೇಗೆ? ಮೊದಲು ಅವನು ತೊಗರಿಬೇಳೆ ಮಿಲ್ಲಿನಲ್ಲಿ ಚೀಲ ಎಣಿಸಿ ಲಾರಿ ತುಂಬಿಸುತ್ತಿದ್ದ. ಮಿಲ್ಲು ಮುಚ್ಚಿತು. ಆಗಲೇ ತಲೆ ಬೆಳ್ಳಗಾಗಿತ್ತು. ಈ ವಯಸ್ಸಿನಲ್ಲಿ ಯಾರು ಕೆಲಸ ಕೊಡುತ್ತಾರೆ ಎಂದು ನಾವೆಲ್ಲ ತಲೆ ಕೆಡಿಸಿಕೊಂಡಿರುವಾಗ, ಕಮಲಾಪುರದ ಹತ್ತಿರ ಹೊಸ ಕಂಪನಿ ಬಂದಿದೆಯೆಂದು ಯಾರೋ ಹೇಳಿದ್ದೇ ತಡ, ಇಸ್ತ್ರಿ ಅಂಗಿ ಹಾಕಿಕೊಂಡು ಹೋಗಿಬಿಟ್ಟ. ಪುಣೆಯ ಕಡೆಯಿಂದ ಬಂದ ಮ್ಯಾನೇಜರು. ಕಾಕಾನಿಗೆ ಮರಾಠಿ ಮನೆಮಾತಿನಷ್ಟೇ ಸಲೀಸು. ಇಬ್ಬರಿಗೂ ಹೊಂದಿತು.

“ಬ್ರೆಡ್ಡಿನ ಬಗ್ಗೆ ನಿಮಗೇನು ಗೊತ್ತು?” ಎಂದು ಮ್ಯಾನೇಜರು ಕೇಳಿದರು.

“ಜ್ವರ ಬಂದಾಗ ತಿಂತಾರ” ಅಂದ ಕಾಕಾ.

ಸುಳ್ಳೇನೂ ಅಲ್ಲ! ನಮ್ಮ ಮನೆಗಳಲ್ಲಿ ಬ್ರೆಡ್ಡು ಬರುತ್ತಿದ್ದುದೇ ಡಾಕ್ಟರ ಚೀಟಿಯ ಜೊತೆಗೆ. ಹಾಲಿನಲ್ಲಿ ಅದ್ದಿ, ಮೂಗು ಮುಚ್ಚಿಕೊಂಡು ನುಂಗುವ ಔಷಧಿ ಅದು. ಯಾರಾದರೂ ಸುಮ್ಮನೆ ಬ್ರೆಡ್ಡು ತಿನ್ನುತ್ತಿದ್ದರೆ ಕಾಕೂ ಇವತ್ತಿಗೂ ಹಣೆ ಮುಟ್ಟಿ ನೋಡುತ್ತಾಳೆ. ಮ್ಯಾನೇಜರು ಹೊಟ್ಟೆ ಹಿಡಿದುಕೊಂಡು ನಕ್ಕರಂತೆ. ಲಾರಿ ತುಂಬಿಸುವುದು ಗೊತ್ತಿದೆ ಅನ್ನುವುದು ತಿಳಿದ ಮೇಲೆ, ಬ್ರೆಡ್ಡು ಆಮೇಲೆ ಕಲಿತರಾಯಿತು ಎಂದು ತೆಗೆದುಕೊಂಡರು.

ಅಲ್ಲಿಂದ ಸುರುವಾಯಿತು ನೋಡಿ. ಒಂದು ವಾರದೊಳಗೆ ಕಾಕಾನಿಗೆ ಆ ಕೋಣೆಯ ಮೇಲೆ ಎಂಥ ಮೋಹ ಹುಟ್ಟಿತೆಂದರೆ, ಹೊಸದಾಗಿ ಮಗು ಹುಟ್ಟಿದ ಮನೆಯವರೂ ಹಾಗೆ ಮಾತಾಡುವುದಿಲ್ಲ. “ನಾವೇನು ಮಾಡ್ತೀವಿ ಗೊತ್ತದ ಏನು? ಹಿಟ್ಟಿಗೆ ನಿದ್ದಿ ಹಚ್ಚಿಸ್ತೀವಿ. ಹಡಗಿನಾಗ ಮಲ್ಕೊಂಡs ಹೋಗ್ತದ. ಅಲ್ಲಿ ಹೋದ ಮ್ಯಾಲೆ ಎಬ್ಬಸ್ತಾರ.” ಕೋಣೆಯೊಳಗೆ ಯಾರಾದರೂ ಜೋರಾಗಿ ಮಾತಾಡಿದರೆ ತುಟಿಯ ಮೇಲೆ ಬೆರಳಿಡುತ್ತಿದ್ದನಂತೆ. ಕಂಟೇನರ್ ಹೊರಡುವಾಗ ಬಾಗಿಲ ಮೇಲೆ ಕೈಯಾಡಿಸಿ, “ಹುಷಾರ್ ಹೋಗ್ರಪಾ” ಅನ್ನುತ್ತಿದ್ದ. ಡ್ರೈವರು ತನಗೇ ಹೇಳಿದ್ದೆಂದು ತಿಳಿದು, “ಹೂಂರಿ ಕಾಕಾ” ಅನ್ನುತ್ತಿದ್ದ. “ನಿನಗಲ್ಲೋ!” ಎಂದು ಕಾಕಾ ಸಿಡುಕುತ್ತಿದ್ದ.

ಅರ್ಧಚಂದ್ರನ ಆಕಾರದ ಒಂದು ತಿನಿಸು ಮಾಡುತ್ತಾರಲ್ಲ, ಫ್ರಾನ್ಸಿನದು. ಡಬ್ಬಿಯ ಮೇಲಿನ ಇಂಗ್ಲಿಷ್ ಅಕ್ಷರಗಳನ್ನು ಒಂದನ್ನೂ ಬಿಡದೆ ಕೂಡಿಸಿ ಕಾಕಾ ಮೊದಮೊದಲು “ಕ್ರೊಯಿಸ್ಸಂಟ” ಅನ್ನುತ್ತಿದ್ದ. ಒಮ್ಮೆ ಮಾಲು ನೋಡಲು ಬಂದ ಪರದೇಶದವನೊಬ್ಬ ಅದನ್ನೇ “ಕ್ವಾಸೋಂ” ಎಂದು ಮೂಗಿನಲ್ಲಿ ಅಂದಾಗ ಕಾಕಾನಿಗೆ ಸಿಟ್ಟು ಬಂತು. “ಅಷ್ಟೊಂದು ಅಕ್ಷರ ಬರಿಯೂದು, ಅರ್ಧಾ ನುಂಗೂದು! ಇದಕ್ಕಿಂತ ನಮ್ಮದs ಚಲೋ” ಎಂದು ಅವತ್ತಿನಿಂದ ಅದಕ್ಕೆ ಕರ್ಚಿಕಾಯಿ ಎಂದು ನಾಮಕರಣ ಮಾಡಿದ. ಆ ಹೆಸರು ತಂದ ಅನಾಹುತ ಕೇಳಿ.

ದೀಪಾವಳಿಗೆ ಕಂಪನಿಯವರು ಕೆಲಸಗಾರರಿಗೆಲ್ಲ ಒಂದೊಂದು ಡಬ್ಬಿ ಕೊಟ್ಟರು. ಕಾಕಾ ಮನೆಗೆ ತಂದು, “ಕರ್ಚಿಕಾಯಿ ಅವ, ಮಾಡು” ಎಂದು ಹೇಳಿ ಸ್ನಾನಕ್ಕೆ ಹೋದ. ಕರ್ಚಿಕಾಯಿಯನ್ನು ಹೇಗೆ ಮಾಡುತ್ತಾರೆ? ಕಾಕೂಗೆ ಅದನ್ನು ಹೇಳಿಕೊಡಬೇಕೆ? ಕಡಾಯಿಯಲ್ಲಿ ಎಣ್ಣೆ ಕಾಯಿಸಿ, ಕಲ್ಲಿನಂತಿದ್ದ ಆ ಫ್ರಾನ್ಸಿನ ಕರ್ಚಿಕಾಯಿಗಳನ್ನು ಒಂದೊಂದಾಗಿ ಬಿಟ್ಟಳು. ಮಂಜುಗಡ್ಡೆಗೂ ಕುದಿಯುವ ಎಣ್ಣೆಗೂ ಭೇಟಿಯಾದರೆ ಏನಾಗಬೇಕೋ ಅದೇ ಆಯಿತು. ಹೊರಗೆ ಓಣಿಯ ಹುಡುಗರ ಪಟಾಕಿ, ಒಳಗೆ ಕಾಕೂನ ಪಟಾಕಿ! ನಾನು ಹಬ್ಬಕ್ಕೆಂದು ಹೋಗಿದ್ದೆ. ಒಳಗೆ ನೋಡಿದರೆ ಕಾಕೂ ಒಂದು ಕೈಯಲ್ಲಿ ಊಟದ ತಾಟನ್ನು ಗುರಾಣಿಯಂತೆ ಹಿಡಿದು, ಇನ್ನೊಂದು ಕೈಯಲ್ಲಿ ಕರಿಯುವ ಝಾರಾ ಸೌಟು ಚಾಚಿ, ಕದದ ಮರೆಯಲ್ಲಿ ನಿಂತು ಯುದ್ಧ ಮಾಡುತ್ತಿದ್ದಾಳೆ.

“ರೀ! ಏನ್ ತಂದೀರಿ ಇದು? ಬಾಂಬ್ ತಂದೀರೇನು?”

ಕಾಕಾ ಮೈಗೆ ಸೋಪು ಹಚ್ಚಿಕೊಂಡೇ ಟವೆಲ್ ಸುತ್ತಿ ಓಡಿ ಬಂದ. ಅಷ್ಟರಲ್ಲಿ ಸದ್ದು ನಿಂತಿತ್ತು. ಎಣ್ಣೆಯ ಮೇಲೆ ಬೆಕ್ಕಿನ ಮರಿಯ ಗಾತ್ರದ ಏನೋ ಕೆಂಪಗೆ ತೇಲುತ್ತಿತ್ತು. ಕಾಕೂ ಸೋಲುವವಳಲ್ಲ. ತೆಗೆದು, ಸಕ್ಕರೆ ಪಾಕದಲ್ಲಿ ಹೊರಳಾಡಿಸಿ, ಓಣಿಗೆಲ್ಲ ಹಂಚಿಬಿಟ್ಟಳು. ಸಂಜೆಯ ಹೊತ್ತಿಗೆ ಮೂರು ಮನೆಯವರು ಮಾಡುವ ಬಗೆ ಕೇಳಿಕೊಂಡು ಬಂದರು! ಕಾಕಾ ಒಂದನ್ನು ಕಣ್ಣು ಮುಚ್ಚಿ ತಿಂದು, ಬೆರಳು ಚೀಪಿ, ನನ್ನ ಕಿವಿಯಲ್ಲಿ ಹೇಳಿದ: “ಈ ಸುದ್ದಿ ಫ್ರಾನ್ಸಿನವರಿಗೆ ಹೋಗಬಾರ್ದು.”

“ಯಾಕ?”

“ಓವನ್ ಮಾರಿ ಕಡಾಯಿ ತಗೋತಾರ. ಆಮ್ಯಾಲೆ ನಮ್ಮ ಕಂಪನಿ ಗತಿ?”

ಕಾಕಾ ಸೊಲ್ಲಾಪುರದ ಆಚೆಗೆ ಹೋದವನಲ್ಲ. ಆದರೆ ಮಾತು ಕೇಳಿದರೆ ದುಬೈ, ಕೆನಡಾ, ಆಸ್ಟ್ರೇಲಿಯಾ ಎಲ್ಲ ನಮ್ಮ ಸುಪರ್ ಮಾರ್ಕೆಟಿನ ಸುತ್ತಮುತ್ತಲ ಓಣಿಗಳೇ! “ಕೆನಡಾದವ್ರು ಭಾಳ ಸೂಕ್ಷ್ಮ, ಡಬ್ಬಿ ಮೂಲಿ ಮಡಚಿದ್ರೂ ನಡಿಯಂಗಿಲ್ಲ. ದುಬೈದವ್ರು ಬಿಂದಾಸ್.” ಪಕ್ಕದ ಮನೆಯ ಟೇಲರ್ ಚಾಚಾ ದುಬೈನಲ್ಲಿರುವ ಮಗಳನ್ನು ನೋಡಲು ಹೊರಟಾಗ ಓಣಿಯವರೆಲ್ಲ ಸೆಂಟು, ಖರ್ಜೂರ ತರಲು ಹೇಳಿದರೆ ಕಾಕಾ ಹೇಳಿದ್ದೇ ಬೇರೆ. “ಅಂಗಡಿಗೆ ಹೋಗ್ರಿ. ನಮ್ಮ ಪರಾಠಾ ಹೆಂಗವ ನೋಡ್ಕೊಂಡ್ ಬರ್ರಿ. ಆರಾಮ್ ಅವ ಇಲ್ಲ, ಅಷ್ಟs.”

ಚಾಚಾ ಒಳ್ಳೆಯ ಮನುಷ್ಯ. ಅಂಗಡಿಗೆ ಹೋಗಿ ಫ್ರಿಜ್ಜಿನ ಮುಂದೆ ನಿಂತು ಮೊಬೈಲಿನಲ್ಲಿ ವಿಡಿಯೋ ಮಾಡಿ ತಂದ. ನಾವೆಲ್ಲ ಸುತ್ತ ಕೂತು ನೋಡಿದೆವು. ಕಂಪನಿಯ ಹಳದಿ ಪ್ಯಾಕೆಟ್ಟುಗಳನ್ನು ಕಂಡ ಕೂಡಲೇ ಕಾಕಾ, “ಅಗೋ! ಅಗೋ!” ಎಂದು ಮೊಬೈಲಿಗೆ ಬೆರಳು ತಿವಿದ. ವಿಡಿಯೋ ನಿಂತಿತು. ಮತ್ತೆ ಹಚ್ಚಿದೆವು. ಆಗ ಯಾರೋ ಒಬ್ಬ ಹೆಣ್ಣುಮಗಳು ಬಂದು ಫ್ರಿಜ್ಜಿನ ಗಾಜಿನ ಬಾಗಿಲು ತೆರೆದು, ಅದನ್ನೋ ಇದನ್ನೋ ಎಂದು ಯೋಚನೆ ಮಾಡುತ್ತ ನಿಂತಳು. ಕಾಕಾನ ಮುಖ ಕಪ್ಪಿಟ್ಟಿತು.

“ಏ ತಾಯಿ, ಬಾಗಲಾ ಹಾಕು! ಥಂಡಿ ಹೊರಗ ಹೊಂಟದ!”

“ಅರೆ ಭಾಯ್, ಅಕಿ ದುಬೈದಾಗ ಅದಾಳ, ಆ ವಿಡಿಯೋ ಹಳೀದು” ಅಂದ ಚಾಚಾ.

“ಹೌದಲ್ಲ, ಹಂಗಾದ್ರ ಇಷ್ಟೊತ್ತಿಗೆ ಹಾಕಿರಬೇಕು” ಎಂದು ಕಾಕಾ ಉಸಿರು ಬಿಟ್ಟ.

ಇದೆಲ್ಲ ಇರಲಿ, ಕೋಟನೂರಿನಲ್ಲಿ ನಾನು ಮನೆ ಕಟ್ಟಿಸಿದಾಗ ನಡೆದದ್ದನ್ನು ನನ್ನ ಹೆಂಡತಿ ಇನ್ನೂ ಮರೆತಿಲ್ಲ. ವಾಸ್ತುಶಾಂತಿಯ ದಿನ ಕಾಕಾ ಎದೆಗೆ ಅವಚಿಕೊಂಡು ಒಂದು ದೊಡ್ಡ ಡಬ್ಬಿ ತಂದ. ಒಳಗೆ ಹೆಪ್ಪುಗಟ್ಟಿದ ಹಸಿಹಿಟ್ಟಿನ ಉಂಡೆಗಳು. ಸಂಜೆ ಬರುವವರಿಗೆಲ್ಲ ದುಬೈದವರು ತಿನ್ನುವಂಥ ಬನ್ನು ಸುಟ್ಟು ಕೊಡುತ್ತೇನೆ ಎಂದು ಅವನ ಹಟ. ಹೊಸ ಫ್ರಿಜ್ಜಿನೊಳಗೆ ಡಬ್ಬಿ ಹಿಡಿಸಲಿಲ್ಲ. ಹಲಗೆ ತೆಗೆಯಲು ಯಾರನ್ನಾದರೂ ಕರೆಯೋಣವೆಂದು, ಡಬ್ಬಿಯನ್ನು ಎರಡು ನಿಮಿಷಕ್ಕೆಂದು ಪೂಜೆ ನಡೆದಿದ್ದ ನಡುಮನೆಯ ಮೂಲೆಯಲ್ಲಿ ಇಟ್ಟು ಹೋದ. ಹೋದವನಿಗೆ ನಮ್ಮ ಮಾವನವರು ಸಿಕ್ಕರು. “ಥಂಡಿಯಾಗ ಕೆಲಸ ಹೆಂಗ ಮಾಡ್ತೀರಿ?” ಎಂದು ಅವರು ಕೇಳಬಾರದಿತ್ತು.

ಇಲ್ಲಿ ಹೋಮ ನಡೆದಿತ್ತು. ಬಿಸಿಲು ಒಂದು ಕಡೆ, ಅಗ್ನಿ ಒಂದು ಕಡೆ. ಡಬ್ಬಿಯೊಳಗೆ ಮಲಗಿದವರಿಗೆ ಎಚ್ಚರವಾಯಿತು! ಮೊದಲು ಡಬ್ಬಿಯ ಮುಚ್ಚಳ ಮೆಲ್ಲಗೆ ಮೇಲೆದ್ದಿತು. ಆಮೇಲೆ ಬೆಳ್ಳಗಿನ ಗುಂಡುಮುಖವೊಂದು ಹೊರಗೆ ಇಣುಕಿತು. ಅದರ ಹಿಂದೆ ಇನ್ನೊಂದು. ಎಲ್ಲ ಒಂದಾಗಿ, ಲೋಡು ದಿಂಬಿನಷ್ಟು ದಪ್ಪವಾಗಿ, ಅಂಚು ದಾಟಿ, ನೆಲಕ್ಕಿಳಿದು, ರಂಗೋಲಿಯ ಕಡೆಗೆ ಹೊರಟಿತು. ನಮ್ಮ ಅತ್ತೆಯವರು “ಅಯ್ಯೋ, ಜೀವಂತ ಅದ!” ಎಂದು ಚೀರಿ ಎದ್ದರು. ಹೆಂಗಸರೆಲ್ಲ ಎದ್ದರು. ನಮ್ಮ ಆಚಾರ್ಯರು ಮಾತ್ರ ಮಂತ್ರ ನಿಲ್ಲಿಸದೆ ಒಂದು ಕಣ್ಣಿಂದ ಅದನ್ನು ನೋಡಿದರು. ಮಂತ್ರ ಮುಗಿದ ಮೇಲೆ ನೀರು ಕುಡಿದು ಅಂದರು:

“ಹೊಸಾ ಮನಿಯಾಗ ಹಾಲು ಉಕ್ಕಿಸ್ತಾರ. ಇಲ್ಲಿ ಹಿಟ್ಟು ಉಕ್ಕೇದ. ಒಟ್ಟಿನ ಮ್ಯಾಲ ಉಕ್ಕಿದ್ರಾತು. ಶುಭ!”

ಕಾಕಾ ಓಡಿ ಬಂದು ಡಬ್ಬಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತ. “ಎದ್ದs ಬಿಟ್ವಲ್ಲೋ ತಮ್ಮಾ” ಅಂದ. ಅವನ ಧ್ವನಿಯಲ್ಲಿ ದುಃಖವಿತ್ತೋ ಹೆಮ್ಮೆಯಿತ್ತೋ ಹೇಳುವುದು ಕಷ್ಟ. ಕಾಕೂ ಸೆರಗು ಸಿಕ್ಕಿಸಿ ಮುಂದೆ ಬಂದಳು. ಡಬ್ಬಿಯೊಳಗೆ ಉಳಿದ ಹಿಟ್ಟನ್ನೆಲ್ಲ ಲಟ್ಟಿಸಿ ಪೂರಿ ಕರಿದಳು. ಅಷ್ಟು ಉಬ್ಬಿದ ಪೂರಿ ಜನ್ಮದಲ್ಲಿ ತಿಂದಿಲ್ಲವೆಂದು ಜನ ಇವತ್ತಿಗೂ ಹೇಳುತ್ತಾರೆ. ಮನೆ ಹೇಗಿತ್ತು ಎಂದು ಯಾರೂ ಹೇಳಿಲ್ಲ!

ಹೋದ ವರ್ಷ ಶ್ರಾವಣದ ಹೊತ್ತಿಗೆ ಕಾಕಾ ಪೇಢೆ ಡಬ್ಬಿ ಹಿಡಿದು ನಮ್ಮ ಮನೆಗೆ ಬಂದ. ಪ್ರಮೋಶನ್ ಆಗಿದೆಯಂತೆ. ಥಂಡಿ ಕೋಣೆಯಿಂದ ಕಂಪನಿಯ ಗೇಟಿಗೆ!

“ಗೇಟಿಗಾ? ಅದು ಪ್ರಮೋಶನ್ ಹೆಂಗ ಆಯ್ತು ಕಾಕಾ?”

“ನೋಡು, ಮೊದಲ ನನ್ನ ಕೈಯಾಗ ಒಂದು ಕೋಣಿ ಇತ್ತು. ಈಗ ಇಡೀ ಕಂಪನಿ. ನಾ ಗೇಟ್ ತೆಗದ್ರನs ಜಗತ್ತಿಗೆ ನಾಷ್ಟಾ!”

ನಾವು ಬಿಡುತ್ತೇವೆಯೇ? ವೈಕುಂಠಕ್ಕೆ ಜಯವಿಜಯರು, ಕಮಲಾಪುರಕ್ಕೆ ನಮ್ಮ ಕಾಕಾ ಎಂದು ನಾನು ಅಂದೆ. ನನ್ನ ಹೆಂಡತಿ ಅವನು ಬಂದಾಗಲೆಲ್ಲ ನಮ್ಮ ಗೇಟಿನ ಕಡೆ ಕೈ ತೋರಿಸಿ, “ಗೇಟ್ ಹಾಕ್ಕೊಂಡು ಬಂದ್ರೇನ್ರಿ ಸಾಹೇಬ್ರ?” ಎಂದು ಕೇಳುತ್ತಿದ್ದಳು. ಅವನೂ ಸಲಾಮು ಹೊಡೆದು ನಗುತ್ತಿದ್ದ. ಗೇಟಿನ ಕಥೆಗಳು ಸುರುವಾದವು. ಯಾವ ಡ್ರೈವರು ಏನಂದ, ಇವನು ಏನು ಉತ್ತರ ಕೊಟ್ಟ, ಅವನು ಹೇಗೆ ಬಾಯಿ ಮುಚ್ಚಿದ.

ಮೊನ್ನೆ ಒಂದು ಭಾನುವಾರ ನಾನು ಶಹಾಬಜಾರಕ್ಕೆ ಹೋಗಿದ್ದೆ. ಕಾಕಾ ಕಾಯಿಪಲ್ಲೆಗೆ ಹೋಗಿದ್ದ. ಕಾಕೂ ನನಗೆ ಚಹಾ ಕೊಟ್ಟು ಕೂತಿದ್ದಳು. ಬಾಗಿಲಲ್ಲಿ ಒಬ್ಬ ಹುಡುಗಿ ಬಂದು ನಿಂತಳು. ಇಪ್ಪತ್ತೈದರ ಒಳಗಿನ ವಯಸ್ಸು, ಕೈಯಲ್ಲಿ ಕಮಲಾಪುರದ ಕೆಂಪು ಬಾಳೆಹಣ್ಣಿನ ಚಿಪ್ಪು.

“ಕಾಕಾ ಇದ್ದಾರೇನ್ರಿ?”

“ಬರ್ತಾರ, ಕೂಡು. ಯಾರವ್ವಾ ನೀನು?”

“ಸುನೀತಾ ಅಂತರಿ. ಥಂಡಿ ಕೋಣ್ಯಾಗ ಕಾಕಾರ ಕೈಕೆಳಗ ಕೆಲಸಾ ಮಾಡ್ತಿದ್ದೆರಿ. ನನಗ ಪರ್ಮನೆಂಟ್ ಆಯ್ತರಿ, ಅದಕ್ಕs ಹಣ್ಣ ಕೊಡ್ಲಾಕ ಬಂದೀನ್ರಿ.”

ಕಾಕೂ ಸಂತೋಷಪಟ್ಟು, “ನಮ್ಮವ್ರಿಗೂ ಪ್ರಮೋಶನ್ ಆಗೇದ, ಗೊತ್ತದ ಇಲ್ಲ?” ಅಂದಳು.

ಆ ಹುಡುಗಿ ಕಾಕೂನ ಮುಖವನ್ನೇ ನೋಡಿದಳು. ಆಮೇಲೆ ಹಣ್ಣು ಕೆಳಗಿಟ್ಟು, ಸೆರಗಿನಿಂದ ಮುಖ ಮುಚ್ಚಿಕೊಂಡು ಅಳತೊಡಗಿದಳು.

ಅವಳು ಬಿಕ್ಕುತ್ತ ಹೇಳಿದ್ದು ಇಷ್ಟು. ಪರದೇಶಕ್ಕೆ ಹೊರಡುವ ಕಂಟೇನರಿಗೆ ಎಷ್ಟು ಥಂಡಿ ಇರಬೇಕೆಂದು ಅದರ ಮೇಲಿನ ಗುಂಡಿ ಒತ್ತಿ ಹೇಳಬೇಕು. ಮೈನಸ್ ಹದಿನೆಂಟು. ಆ ಕೆಲಸ ಸುನೀತಾಳದು. ಒಂದು ದಿನ ಅವಳು ಅದರ ಮುಂದೆ ನಿಂತಿರುವಾಗಲೇ ಫೋನು ಬಂತು. ಬಾಳೆತೋಟದ ಕೂಲಿಗೆ ಹೋಗಿದ್ದ ಅವಳ ತಾಯಿ ಪ್ರಜ್ಞೆ ತಪ್ಪಿ ಬಿದ್ದಿದ್ದಾಳೆ ಎಂದು. ಗಡಿಬಿಡಿಯಲ್ಲಿ ಗುಂಡಿ ಒತ್ತಿ ಓಡಿದಳು. ಹದಿನೆಂಟು ಬಂತು, ಮೈನಸ್ ಬರಲಿಲ್ಲ. ಸಣ್ಣದೊಂದು ಗೆರೆ. ಮುಂಬೈ ಬಂದರಿನಲ್ಲಿ ಬಾಗಿಲು ತೆರೆದಾಗ ಇಡೀ ಕಂಟೇನರು ಹಾಳಾಗಿತ್ತು.

“ಸಾಹೇಬ್ರು ಎಲ್ಲಾರ್ನೂ ನಿಲ್ಲಿಸಿ ಕೇಳಿದ್ರಿ. ನಾ ಇನ್ನಾ ಟೆಂಪರರಿ ಇದ್ದೆ. ಹೇಳಿದ್ರ ಅವತ್ತs ಮನಿಗೆ ಕಳಸ್ತಿದ್ರಿ. ಮನಿಯಾಗ ನನ್ನ ಪಗಾರ ಒಂದs ರಿ. ಆದ್ರೂ ಹೇಳಬೇಕಂತ ಬಾಯಿ ತೆಗದೆ. ಅಷ್ಟ್ರಾಗ ಕಾಕಾ ಮುಂದ ಹೋಗಿ, ‘ನಾನs ಒತ್ತಿದ್ದು, ಥಂಡಿಯಿಂದ ಹೊರಗ ಬಂದಿದ್ದೆ, ಚಸ್ಮಾಕ್ಕ ಮಂಜು ಹಿಡಿದಿತ್ತು, ಕಾಣಲಿಲ್ಲ’ ಅಂದ್ಬಿಟ್ರಿ.”

“ಸಾಹೇಬ್ರು ನಂಬಿದ್ರೇನು?” ನಾನು ಕೇಳಿದೆ.

“ನಂಬಿದ್ರಿ. ವಯಸ್ಸಾಗೇದ ಅಂದ್ರು. ಗೇಟಿಗೆ ಹಾಕಿದ್ರು. ಒಳಗ ಬರಬಾರ್ದು ಅಂತ ಹೇಳ್ಯಾರ್ರಿ. ನಾ ಹೊರಗ ಬಂದು ಅಳ್ಳಾಕತ್ತಿದ್ದೆ. ‘ನಂದು ಮುಗೀತ ಬಂತವ್ವಾ, ನಿಂದು ಈಗ ಸುರು ಆಗೇದ. ನಿಮ್ಮವ್ವ ಹೆಂಗದಾಳ, ಅದನ್ನ ಹೇಳು’ ಅಂದ್ರಿ.”

“ನಿಮ್ಮವ್ವ ಹೆಂಗದಾಳ?” ಕಾಕೂ ಕೇಳಿದಳು.

“ಈಗ ಆರಾಮ್ ಅದಾಳ್ರಿ. ಮನಿಯಾಗ ಹೇಳಬ್ಯಾಡ ಅಂತ ಕಾಕಾ ಆಣಿ ಮಾಡಿಸ್ಕೊಂಡಿದ್ರಿ. ಖರೇನ ತಡಕೊಳ್ಳಾಕ ಆಗಲಿಲ್ರಿ ನನಗ.”

ಓಣಿಯಲ್ಲಿ ಕಾಕಾನ ಚಪ್ಪಲಿ ಸದ್ದಾಯಿತು. ಸುನೀತಾ ಗಡಬಡಿಸಿ ಕಣ್ಣು ಒರೆಸಿಕೊಂಡಳು. ಕಾಯಿಪಲ್ಲೆ ಚೀಲ ಹಿಡಿದು ಒಳಗೆ ಬಂದ ಕಾಕಾ ಅವಳನ್ನು ಕಂಡು ಅಲ್ಲೇ ನಿಂತ. ಒಮ್ಮೆ ಅವಳನ್ನು, ಒಮ್ಮೆ ಕಾಕೂನನ್ನು ನೋಡಿದ. ಅವನ ಮುಖದ ಮೇಲೆ ಅಂಥ ಭಯವನ್ನು ನಾನು ಎಂದೂ ನೋಡಿರಲಿಲ್ಲ.

“ಏನ್… ಏನ್ ಹೇಳ್ಲಾಕತ್ತಿದ್ದಿ ಇವರ ಮುಂದ?”

ಸುನೀತಾ ತಲೆ ತಗ್ಗಿಸಿದಳು.

“ಮತ್ತೇನ್ ಹೇಳ್ತಾಳ?” ಅಂದಳು ಕಾಕೂ. “ನೀವು ಬಂದ ಮ್ಯಾಲೆ ಗೇಟಿಗೆ ಕಳಾ ಬಂದದಂತ. ಅದನ್ನs ಹೇಳ್ಲಾಕತ್ತಿದ್ಳು.”

ಕಾಕಾನ ಮುಖ ನಿಧಾನಕ್ಕೆ ಅರಳಿತು. “ಹೌದೇನವ್ವಾ? ಹಂಗ ಅಂತಾರೇನು ಒಳಗ?”

“ಹೌದ್ರಿ ಕಾಕಾ. ಎಲ್ಲಾರೂ ಅಂತಾರ್ರಿ.”

ಚೀಲ ಕೆಳಗಿಡುವುದನ್ನೂ ಮರೆತು ಕಾಕಾ ಮಂಚದ ತುದಿಯಲ್ಲಿ ಕೂತ. “ಹಂಗಾದ್ರ ನಿನ್ನಿದು ಕೇಳ್ರಿ. ಒಬ್ಬ ಡ್ರೈವರ್ ಬಂದ, ಪಂಜಾಬದವ, ಇಷ್ಟೆತ್ತರ ಅದಾನ…” ಎಂದು ಸುರು ಮಾಡಿದ.

ಕಾಕೂ ಅವನ ಕೈಯಿಂದ ಚೀಲ ತೆಗೆದಿಟ್ಟಳು. ಸುನೀತಾ ತಂದ ಚಿಪ್ಪಿನಿಂದ ಒಂದು ಕೆಂಪು ಬಾಳೆಹಣ್ಣು ಮುರಿದು, ಸಿಪ್ಪೆ ಸುಲಿದು, ಅವನ ಕೈಗೆ ಕೊಟ್ಟು ಕಾಲ ಹತ್ತಿರ ನೆಲದ ಮೇಲೆ ಕೂತಳು. ಅವಳ ಕಣ್ಣು ತುಂಬಿದ್ದು ಕಾಕಾನಿಗೆ ಕಾಣಲಿಲ್ಲ. ಅವನು ಪಂಜಾಬದವನ ಎತ್ತರ ತೋರಿಸುತ್ತಿದ್ದ.

“ತಿನ್ಕೋತ ಹೇಳ್ರಿ” ಅಂದಳು ಕಾಕೂ. “ಮುಂದೇನಾಯ್ತು?”